ಇಲ್ಲದ ಕಾಯಿಲೆಗೆ ಮದ್ದು

ಹದಿಮೂರು ವರ್ಷದ ಹುಡುಗನೊಬ್ಬ ದಿನಚರಿ ಬರೆಯುತ್ತಾನೆ. ಹೆಸರು ಟ್ರೆವರ್. ಗಾಯಕಿ ಡಯಾನಾ ರಾಸ್ ಎಂದರೆ ಅವನಿಗೆ ಪ್ರಾಣ. ಶಾಲೆಯ ಹುಡುಗನೊಬ್ಬನ ಮೇಲೆ ಅವನಿಗೆ ಮನಸ್ಸಾಗುತ್ತದೆ. ಸುದ್ದಿ ಹಬ್ಬುತ್ತದೆ, ನಿನ್ನೆಯವರೆಗೆ ಜೊತೆಗಿದ್ದವರು ಇಂದು ದೂರ ಸರಿಯುತ್ತಾರೆ. ಏನು ಮಾಡಬೇಕೆಂದು ತೋಚದ ಅಪ್ಪ ಅಮ್ಮ, ಪಾದ್ರಿಯೊಬ್ಬರಿಂದ ಅವನಿಗೆ ಬುದ್ಧಿ ಹೇಳಿಸಲು ನೋಡುತ್ತಾರೆ. ಹುಡುಗನಿಗೆ ಬದುಕೇ ಬೇಡವೆನ್ನಿಸುವ ಹಂತಕ್ಕೆ ಕಥೆ ಬರುತ್ತದೆ. ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಅವನು ಉಳಿಯುತ್ತಾನೆ, ನಾಳೆಯನ್ನು ಎದುರು ನೋಡಲು ಅವನಿಗೊಂದು ನೆಪವೂ ಸಿಗುತ್ತದೆ.

‘ಟ್ರೆವರ್’ ಎಂಬ ಈ ಅಮೆರಿಕನ್ ಕಿರುಚಿತ್ರ ತಯಾರಾದದ್ದು 1994ರಲ್ಲಿ. ಪೆಗ್ಗಿ ರಾಜ್ಸ್ಕಿ ನಿರ್ದೇಶಿಸಿದ ಇದಕ್ಕೆ ಮರುವರ್ಷ ಅತ್ಯುತ್ತಮ ಕಿರುಚಿತ್ರದ ಆಸ್ಕರ್ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ದೊಡ್ಡ ಸಂಗತಿ ನಡೆದದ್ದು 1998ರಲ್ಲಿ. ಎಚ್‌ಬಿಒ ವಾಹಿನಿ ಚಿತ್ರವನ್ನು ಪ್ರಸಾರ ಮಾಡಲು ಒಪ್ಪಿದಾಗ ಅದನ್ನು ತಯಾರಿಸಿದವರಿಗೆ ಒಂದು ಯೋಚನೆ ಹತ್ತಿತು. ಟ್ರೆವರ್‌ನಂಥ ಮಕ್ಕಳು ಮನೆಯಲ್ಲಿ ಕುಳಿತು ಈ ಚಿತ್ರ ನೋಡುತ್ತಾರೆ. ಚಿತ್ರ ಮುಗಿದ ಮೇಲೆ ಯಾರ ಹತ್ತಿರವಾದರೂ ಮಾತನಾಡಬೇಕೆನ್ನಿಸಿದರೆ ಅವರು ಎಲ್ಲಿಗೆ ಫೋನ್ ಮಾಡಬೇಕು? ಕೊನೆಯಲ್ಲಿ ಒಂದು ಸಹಾಯವಾಣಿಯ ಸಂಖ್ಯೆ ತೋರಿಸೋಣವೆಂದು ಹುಡುಕಿದರೆ ಇಂಥ ಮಕ್ಕಳಿಗಾಗಿಯೇ ಹಗಲಿರುಳು ತೆರೆದಿರುವ ರಾಷ್ಟ್ರವ್ಯಾಪಿ ಸಹಾಯವಾಣಿ ಇಡೀ ದೇಶದಲ್ಲಿ ಒಂದೂ ಇರಲಿಲ್ಲ. ಕೊನೆಗೆ ಅವರೇ ಒಂದನ್ನು ಆರಂಭಿಸಿದರು. ಅದೇ ‘ಟ್ರೆವರ್ ಪ್ರಾಜೆಕ್ಟ್’. ಒಂದು ಕಿರುಚಿತ್ರದಿಂದ ಹುಟ್ಟಿದ ಸಂಸ್ಥೆ ಹದಿಹರೆಯದವರ ಆತ್ಮಹತ್ಯೆ ತಡೆಯುವ ಕೆಲಸದಲ್ಲಿ ಅಮೆರಿಕದ ಹೆಸರಾಂತ ಸಂಸ್ಥೆಗಳಲ್ಲಿ ಒಂದಾಯಿತು.

ಸಿನಿಮಾ ಕಲಿಯುವ ವಿದ್ಯಾರ್ಥಿಗಳೂ ಇಂಥ ಕಥೆಗಳನ್ನು ಎತ್ತಿಕೊಂಡದ್ದುಂಟು. 2017ರಲ್ಲಿ ಫ್ಲಾರಿಡಾದ ರಿಂಗ್ಲಿಂಗ್ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಪದವಿಯ ಕೊನೆಯ ಪ್ರಾಜೆಕ್ಟ್ ಆಗಿ ‘ಇನ್ ಎ ಹಾರ್ಟ್‌ಬೀಟ್’ ಎಂಬ ನಾಲ್ಕು ನಿಮಿಷದ ಅನಿಮೇಷನ್ ಚಿತ್ರ ಮಾಡಿದರು. ಅದರಲ್ಲಿ ಒಂದೇ ಒಂದು ಮಾತಿಲ್ಲ. ಹುಡುಗನ ಎದೆಯಿಂದ ಹೃದಯ ಹೊರಕ್ಕೆ ಜಿಗಿದು ಇನ್ನೊಬ್ಬ ಹುಡುಗನ ಹಿಂದೆ ಓಡುತ್ತದೆ. ಎಲ್ಲರೆದುರು ಗುಟ್ಟು ರಟ್ಟಾದಾಗ ಅದು ಒಡೆದು ಎರಡಾಗುತ್ತದೆ. ಕೋಟ್ಯಂತರ ಜನ ಅದನ್ನು ನೋಡಿದರು. ಇಂಥ ಕಥೆಗೆ ದೊಡ್ಡ ಸೆಟ್ ಬೇಡ, ದೊಡ್ಡ ದುಡ್ಡೂ ಬೇಡ. ಒಂದು ಮನೆ, ಒಂದು ಊಟದ ಮೇಜು, ಮಗನ ಮುಖ ನೋಡಲಾರದ ಅಪ್ಪ, ಕಣ್ಣೊರೆಸಿಕೊಳ್ಳುವ ಅಮ್ಮ ಇದ್ದರೆ ಸಾಕು. ಆ ಮೇಜಿನ ಸುತ್ತ ಒಂದಲ್ಲ ಒಂದು ದಿನ ಒಂದು ಮಾತು ಬಂದೇ ಬರುತ್ತದೆ: “ಇವನನ್ನು ಎಲ್ಲಾದರೂ ತೋರಿಸೋಣ.”

ತೋರಿಸುವುದು ಎಂದರೆ ಯಾರಿಗೆ? ಯಾವ ಕಾಯಿಲೆಗೆ? ಈ ಲೇಖನದ ವಿಷಯ ಅದೇ.

ಚಿಕಿತ್ಸೆ ಎಂಬ ಹೆಸರಿನಲ್ಲಿ

ಗಂಡಿಗೆ ಗಂಡಿನ ಮೇಲೆ, ಹೆಣ್ಣಿಗೆ ಹೆಣ್ಣಿನ ಮೇಲೆ ಮೂಡುವ ಒಲವನ್ನು ಕಾಯಿಲೆಯೆಂದೋ ಪಾಪವೆಂದೋ ಬಗೆದು, ಅದನ್ನು ‘ಸರಿಪಡಿಸಲು’ ಮಾಡುವ ಎಲ್ಲ ಪ್ರಯತ್ನಗಳಿಗೂ ಸೇರಿ ಕನ್ವರ್ಷನ್ ಥೆರಪಿ, ಅಂದರೆ ಪರಿವರ್ತನಾ ಚಿಕಿತ್ಸೆ ಎಂಬ ಹೆಸರಿದೆ. ಹೆಸರಿನಲ್ಲಿ ಚಿಕಿತ್ಸೆ ಇದೆಯೇ ಹೊರತು ವೈದ್ಯಶಾಸ್ತ್ರದ ಯಾವ ಆಧಾರವೂ ಇದಕ್ಕಿಲ್ಲ. ಆಪ್ತ ಸಲಹೆ, ಪ್ರಾರ್ಥನೆ, ಉಪವಾಸ, ಮಾತ್ರೆ, ವಿದ್ಯುತ್ ಆಘಾತ, ಕೂಡಿಹಾಕುವುದು, ಬಲವಂತದ ಮದುವೆ ಹೀಗೆ ಇದರ ರೂಪಗಳು ಹಲವು.

ನಮ್ಮ ಹಿಂದಿನ ತಲೆಮಾರಿನವರಿಗೆ ಒಂದು ಸಂಗತಿ ನೆನಪಿರಬಹುದು. ಮಗು ಎಡಗೈಯಲ್ಲಿ ಬಳಪ ಹಿಡಿದರೆ ಮೇಷ್ಟ್ರು ಬೆರಳ ಗೆಣ್ಣಿನ ಮೇಲೆ ಅಡಿಕೋಲಿನಿಂದ ಹೊಡೆಯುತ್ತಿದ್ದರು. ಮನೆಯಲ್ಲಿ ಅಜ್ಜಿ ಎಡಗೈಗೆ ಬಟ್ಟೆ ಕಟ್ಟುತ್ತಿದ್ದರು. ಮಗು ಬಲಗೈಯಲ್ಲಿ ಬರೆಯುವುದನ್ನು ಹೇಗೋ ಕಲಿಯುತ್ತಿತ್ತು. ಆದರೆ ಎಡಚ ಎಡಚನಾಗಿಯೇ ಉಳಿಯುತ್ತಿದ್ದ. ಜೊತೆಗೆ ಹೆದರಿಕೆಯನ್ನೂ ಕಲಿತಿರುತ್ತಿದ್ದ. ಪರಿವರ್ತನಾ ಚಿಕಿತ್ಸೆಯ ಒಟ್ಟು ಚರಿತ್ರೆ ಇದಕ್ಕಿಂತ ಬೇರೆಯಲ್ಲ. ಬಚ್ಚಿಡುವುದನ್ನು ಅದು ಕಲಿಸಿತು, ಒಲವನ್ನು ಮಾತ್ರ ಬದಲಿಸಲಿಲ್ಲ.

ಈ ಮಾತನ್ನು ಬಹಳ ಹಿಂದೆಯೇ ಹೇಳಿದವನೊಬ್ಬನಿದ್ದ. 1935ರಲ್ಲಿ ಅಮೆರಿಕದ ತಾಯಿಯೊಬ್ಬಳು ತನ್ನ ಮಗನ ಬಗ್ಗೆ ಕಾಗದ ಬರೆದು ಸಲಹೆ ಕೇಳಿದಳು. ಬರೆದದ್ದು ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್‌ಗೆ. ಇದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ, ಇದು ದುರಭ್ಯಾಸವೂ ಅಲ್ಲ, ಇದನ್ನು ಕಾಯಿಲೆಯೆಂದು ವರ್ಗೀಕರಿಸಲಾಗದು ಎಂದು ಫ್ರಾಯ್ಡ್ ಉತ್ತರಿಸಿದ. ಇಂಥವರನ್ನು ಅಪರಾಧಿಗಳಂತೆ ಹಿಂಸಿಸುವುದು ಅನ್ಯಾಯವೆಂದೂ ಸೇರಿಸಿದ. ಆ ತಾಯಿಯ ಹೆಸರು ಜಗತ್ತಿಗೆ ಗೊತ್ತಾಗಲಿಲ್ಲ, ಕಾಗದ ಮಾತ್ರ ಉಳಿಯಿತು.

ಆದರೆ ಫ್ರಾಯ್ಡ್‌ನ ನಂತರ ಬಂದ ಅನೇಕ ವೈದ್ಯರೇ ಆ ಕಾಗದದ ಮಾತನ್ನು ಮರೆತರು. ಐವತ್ತು, ಅರವತ್ತರ ದಶಕಗಳಲ್ಲಿ ಬ್ರಿಟನ್ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ‘ಅವರ್ಷನ್ ಥೆರಪಿ’ ಎಂಬ ವಿಧಾನ ಬಳಕೆಗೆ ಬಂತು. ಅದರ ತರ್ಕ ಸರಳ. ಗಂಡಸರ ಚಿತ್ರ ತೋರಿಸುವುದು, ಅದೇ ಹೊತ್ತಿಗೆ ಕರೆಂಟ್ ಶಾಕ್ ಕೊಡುವುದು ಅಥವಾ ವಾಂತಿಯಾಗುವ ಔಷಧ ಚುಚ್ಚುವುದು. ಇಷ್ಟವಾದದ್ದರ ಜೊತೆ ನೋವನ್ನು ಗಂಟು ಹಾಕಿದರೆ ಇಷ್ಟವೇ ಹೋಗುತ್ತದೆ ಎಂಬ ನಂಬಿಕೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗುಪ್ತ ಸಂಕೇತಗಳನ್ನು ಭೇದಿಸಲು ನೆರವಾದ ಗಣಿತಜ್ಞ ಅಲನ್ ಟ್ಯೂರಿಂಗ್‌ನ ಕಥೆಯಂತೂ ಜಗತ್ತಿಗೇ ಗೊತ್ತು. ಸಲಿಂಗ ಸಂಬಂಧದ ಅಪರಾಧಕ್ಕೆ 1952ರಲ್ಲಿ ಶಿಕ್ಷೆಗೊಳಗಾದ ಅವನ ಮುಂದೆ ನ್ಯಾಯಾಲಯ ಜೈಲು ಅಥವಾ ಹಾರ್ಮೋನ್ ಚುಚ್ಚುಮದ್ದು ಎಂಬ ಆಯ್ಕೆ ಇಟ್ಟಿತು. ಅವನು ಚುಚ್ಚುಮದ್ದು ಆರಿಸಿಕೊಂಡ. 1954ರಲ್ಲಿ, 41ನೇ ವಯಸ್ಸಿನಲ್ಲಿ ತೀರಿಕೊಂಡ. 2013ರಲ್ಲಿ ಬ್ರಿಟನ್ನಿನ ರಾಣಿ ಅವನಿಗೆ ಕ್ಷಮಾದಾನ ನೀಡಿದರು. 2021ರಲ್ಲಿ 50 ಪೌಂಡಿನ ನೋಟಿನ ಮೇಲೆ ಅವನ ಚಿತ್ರ ಬಂತು.

ಮುಖವಾಡ ತೊಟ್ಟ ವೈದ್ಯ

ಕಾಯಿಲೆ ಎಂಬ ಹಣೆಪಟ್ಟಿ ಕಳಚಿದ್ದು ಹೇಗೆ ಎನ್ನುವುದೂ ಕುತೂಹಲದ ಕಥೆಯೇ. ಎವೆಲಿನ್ ಹೂಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1957ರಲ್ಲಿ ಒಂದು ಅಧ್ಯಯನ ಪ್ರಕಟಿಸಿದಳು. ಮೂವತ್ತು ಮಂದಿ ಸಲಿಂಗಪ್ರೇಮಿ ಗಂಡಸರು, ಮೂವತ್ತು ಮಂದಿ ಇತರ ಗಂಡಸರು. ಇಬ್ಬರಿಗೂ ಒಂದೇ ಬಗೆಯ ಮಾನಸಿಕ ಪರೀಕ್ಷೆಗಳು. ಹೆಸರು, ಗುರುತು ತೆಗೆದುಹಾಕಿ ಫಲಿತಾಂಶಗಳನ್ನು ನುರಿತ ತಜ್ಞರ ಮುಂದಿಟ್ಟು, ಯಾರು ಯಾವ ಗುಂಪಿನವರು ಹೇಳಿ ಎಂದಳು. ತಜ್ಞರಿಂದ ಆಗಲಿಲ್ಲ. ಅದುವರೆಗೆ ಸಂಶೋಧಕರು ನೋಡಿದ್ದು ಬಹುತೇಕ ಜೈಲಿನಲ್ಲಿದ್ದವರನ್ನು, ಚಿಕಿತ್ಸೆಗೆಂದು ಬಂದವರನ್ನು. ಬೀದಿಯಲ್ಲಿ ನೆಮ್ಮದಿಯಿಂದ ಓಡಾಡಿಕೊಂಡಿದ್ದವರನ್ನು ನೋಡಿದವರು ಕಡಿಮೆ.

1972ರಲ್ಲಿ ಡಲ್ಲಾಸ್ ನಗರದಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಸಮ್ಮೇಳನ. ವೇದಿಕೆಯ ಮೇಲೆ ಒಬ್ಬ ವಿಚಿತ್ರ ಭಾಷಣಕಾರ. ಮುಖಕ್ಕೆ ರಬ್ಬರಿನ ಮುಖವಾಡ, ತಲೆಗೆ ಟೋಪನ್, ಮೈಗೆ ಅಳತೆ ಮೀರಿದ ಕೋಟು, ದನಿ ಗುರುತು ಸಿಗದಂತೆ ಮಾಡುವ ಮೈಕು. ಹೆಸರು ‘ಡಾ. ಎಚ್. ಅನಾನಿಮಸ್’, ಅಂದರೆ ಅನಾಮಿಕ. ತಾನು ಸಲಿಂಗಪ್ರೇಮಿ, ಮನೋವೈದ್ಯನೂ ಹೌದು ಎಂದು ಆತ ಹೇಳಿದಾಗ ಸಭೆ ಬೆರಗಾಯಿತು. ಮುಖ ತೋರಿಸಿದ್ದರೆ ಆತನ ಕೆಲಸ ಹೋಗುತ್ತಿತ್ತು. ಜಾನ್ ಫ್ರೈಯರ್ ಎಂಬ ವೈದ್ಯ ಆ ಮುಖವಾಡದ ಹಿಂದಿದ್ದವನು. ಮರುವರ್ಷ, 1973ರ ಡಿಸೆಂಬರಿನಲ್ಲಿ, ಅದೇ ಸಂಘ ತನ್ನ ಮನೋರೋಗಗಳ ಪಟ್ಟಿಯಿಂದ ಸಲಿಂಗಪ್ರೇಮವನ್ನು ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಅದೇ ತೀರ್ಮಾನಕ್ಕೆ ಬಂದದ್ದು 1990ರ ಮೇ 17ರಂದು.

1973ರ ತೀರ್ಮಾನಕ್ಕೆ ಮುಖ್ಯ ಕಾರಣರಾದವರಲ್ಲಿ ರಾಬರ್ಟ್ ಸ್ಪಿಟ್ಜರ್ ಒಬ್ಬರು. ಆದರೆ ಅವರೇ 2001ರಲ್ಲಿ ಎಲ್ಲರನ್ನೂ ದಂಗುಬಡಿಸಿದರು. ತಾವು ಬದಲಾಗಿದ್ದೇವೆ ಎಂದು ಹೇಳಿಕೊಂಡ 200 ಮಂದಿಯನ್ನು ದೂರವಾಣಿಯಲ್ಲಿ ಸಂದರ್ಶಿಸಿ, ಮನಸ್ಸಿದ್ದರೆ ಕೆಲವರು ಬದಲಾಗಬಲ್ಲರು ಎಂಬ ಅರ್ಥದ ಅಧ್ಯಯನ ಮಂಡಿಸಿದರು. 2003ರಲ್ಲಿ ಅದು ಪ್ರಕಟವೂ ಆಯಿತು. ಚಿಕಿತ್ಸೆಯ ಅಂಗಡಿ ತೆರೆದಿದ್ದವರಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿರಲಿಲ್ಲ. ಆ ಅಧ್ಯಯನದ ಲೋಪ ಮಾತ್ರ ಸಾಮಾನ್ಯರಿಗೂ ಹೊಳೆಯುವಂಥದ್ದು. ‘ನಾನು ಬದಲಾಗಿದ್ದೇನೆ’ ಎಂಬ ಮಾತಿಗೆ ಹೇಳಿದವರ ಬಾಯಿಮಾತೇ ಸಾಕ್ಷಿಯಾಗಿತ್ತು. 2012ರಲ್ಲಿ, ಎಂಬತ್ತರ ಅಂಚಿನಲ್ಲಿದ್ದ ಸ್ಪಿಟ್ಜರ್ ತಪ್ಪೊಪ್ಪಿಕೊಂಡರು. ಆ ಅಧ್ಯಯನವನ್ನು ನಂಬಿ ಕಾಲ, ಶಕ್ತಿ ಕಳೆದುಕೊಂಡವರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ವಿಜ್ಞಾನಿಯೊಬ್ಬ ಇಷ್ಟು ನೇರವಾಗಿ ತನ್ನ ತಪ್ಪನ್ನು ಒಪ್ಪಿಕೊಳ್ಳುವುದು ಅಪರೂಪ. ಆದರೆ ಆ ನಡುವಿನ ಒಂಬತ್ತು ಹತ್ತು ವರ್ಷಗಳಲ್ಲಿ ಎಷ್ಟು ಮಕ್ಕಳ ಮುಂದೆ ಆ ಕಾಗದ ಹಿಡಿಯಲಾಯಿತೋ, ಲೆಕ್ಕವಿಟ್ಟವರಿಲ್ಲ.

ಮೆಂಫಿಸ್‌ನ ಹುಡುಗ

ಅಂಥ ಒಬ್ಬ ಹುಡುಗನ ಕಥೆ ಮಾತ್ರ ಸಾಕ್ಷ್ಯಚಿತ್ರವಾಗಿ ಉಳಿದಿದೆ. 2005ರ ಬೇಸಿಗೆ. ಅಮೆರಿಕದ ಟೆನೆಸಿ ರಾಜ್ಯದ ಹದಿನಾರು ವರ್ಷದ ಹುಡುಗ ತಾನು ಸಲಿಂಗಪ್ರೇಮಿಯೆಂದು ಹೆತ್ತವರಿಗೆ ತಿಳಿಸಿದ. ಅವರು ಅವನನ್ನು ಮೆಂಫಿಸ್ ನಗರದ ‘ಲವ್ ಇನ್ ಆ್ಯಕ್ಷನ್’ ಎಂಬ ಧಾರ್ಮಿಕ ಸಂಸ್ಥೆಯ ಹದಿಹರೆಯದವರ ಶಿಬಿರಕ್ಕೆ ಸೇರಿಸಲು ತೀರ್ಮಾನಿಸಿದರು. ಹೋಗುವ ಮೊದಲು ಹುಡುಗ ತನ್ನ ಸಂಕಟವನ್ನೂ, ಸಂಸ್ಥೆಯ ನಿಯಮಾವಳಿಯನ್ನೂ ಅಂತರ್ಜಾಲದ ತನ್ನ ಪುಟದಲ್ಲಿ ಬರೆದಿಟ್ಟ. ಬಟ್ಟೆ ಹೇಗಿರಬೇಕು, ಯಾರ ಜೊತೆ ಮಾತನಾಡಬೇಕು, ಏನು ಓದಬೇಕು, ಏನು ಕೇಳಬೇಕು ಎಲ್ಲಕ್ಕೂ ಅಲ್ಲಿ ಕಟ್ಟಳೆಯಿತ್ತು. ಕ್ರೈಸ್ತ ಸಂಗೀತ ಬಿಟ್ಟು ಬೇರೇನೂ ಕೇಳುವಂತಿಲ್ಲ. ಬೀಥೋವನ್, ಬಾಖ್ ಕೂಡ ಆ ಪಟ್ಟಿಗೆ ಸೇರುವುದಿಲ್ಲ ಎಂದಿತ್ತು.

ಬರೆದದ್ದನ್ನು ಗೆಳೆಯರು ಓದಿದರು. ಮರುದಿನಗಳಲ್ಲಿ ಸಂಸ್ಥೆಯ ಮುಂದೆ ಭಿತ್ತಿಫಲಕ ಹಿಡಿದು ನಿಂತರು. ದಿನವೂ ಬಂದರು. ಒಳಗೆ ಯಾರು ಇದ್ದಾರೋ ಅವರಿಗೆ ತಾವು ಹೊರಗಿದ್ದೇವೆಂದು ಗೊತ್ತಾಗಲಿ ಎಂಬುದಷ್ಟೇ ಅವರ ಉದ್ದೇಶ. ಸುದ್ದಿ ದೇಶ ದಾಟಿತು. ಸರ್ಕಾರದ ಅಧಿಕಾರಿಗಳು ವಿಚಾರಣೆಗೆ ಬಂದರು. 2007ರಲ್ಲಿ ಹದಿಹರೆಯದವರ ಆ ಶಿಬಿರ ಮುಚ್ಚಿತು.

ಮೆಂಫಿಸ್‌ನ ಯುವ ನಿರ್ದೇಶಕ ಮಾರ್ಗನ್ ಜಾನ್ ಫಾಕ್ಸ್ ಈ ಘಟನೆಗಳನ್ನು ಕ್ಯಾಮೆರಾದಲ್ಲಿ ಹಿಡಿಯುತ್ತಾ ಹೋಗಿ, ಹಲವು ವರ್ಷ ದುಡಿದು 2011ರಲ್ಲಿ ‘ದಿಸ್ ಈಸ್ ವಾಟ್ ಲವ್ ಇನ್ ಆ್ಯಕ್ಷನ್ ಲುಕ್ಸ್ ಲೈಕ್’ ಎಂಬ ಸಾಕ್ಷ್ಯಚಿತ್ರ ಮಾಡಿದ. ಆ ಸಂಸ್ಥೆಯ ನಿರ್ದೇಶಕನಾಗಿದ್ದ ಜಾನ್ ಸ್ಮಿಡ್ ಕೂಡ ಆ ಚಿತ್ರದಲ್ಲಿ ಮಾತನಾಡಿದ್ದಾನೆ. ಆತ 2008ರಲ್ಲಿ ಕೆಲಸ ಬಿಟ್ಟ. 2010ರಲ್ಲಿ ತನ್ನಿಂದ ನೊಂದವರ ಕ್ಷಮೆ ಕೇಳಿದ. ಇಷ್ಟು ವರ್ಷಗಳಲ್ಲಿ ನಿಜವಾಗಿ ಬದಲಾದ ಒಬ್ಬನೇ ಒಬ್ಬ ಗಂಡಸನ್ನೂ ತಾನು ಕಂಡಿಲ್ಲವೆಂದು ಮುಂದೆ ಹೇಳಿದ. 2014ರಲ್ಲಿ ಆತನೇ ಇನ್ನೊಬ್ಬ ಗಂಡಸನ್ನು ಮದುವೆಯಾದ. ಬದಲಾಯಿಸಲು ಕುಳಿತಿದ್ದವನು ತಾನೇ ಬದಲಾಗಿರಲಿಲ್ಲ! ಇಂಥ ಸಂಸ್ಥೆಗಳ ದೊಡ್ಡ ಒಕ್ಕೂಟವಾಗಿದ್ದ ‘ಎಕ್ಸೋಡಸ್ ಇಂಟರ್‌ನ್ಯಾಷನಲ್’ ಕೂಡ 2013ರಲ್ಲಿ ಕ್ಷಮೆ ಕೇಳಿ ಬಾಗಿಲು ಹಾಕಿತು. ಇದೇ ‘ಲವ್ ಇನ್ ಆ್ಯಕ್ಷನ್’ನಲ್ಲಿ 2004ರಲ್ಲಿ ದಿನ ಕಳೆದಿದ್ದ ಗ್ಯಾರರ್ಡ್ ಕಾನ್ಲಿ ಬರೆದ ‘ಬಾಯ್ ಇರೇಸ್ಡ್’ ಎಂಬ ಆತ್ಮಕಥನ 2016ರಲ್ಲಿ ಹೊರಬಂದು, 2018ರಲ್ಲಿ ಚಲನಚಿತ್ರವೂ ಆಯಿತು.

ಈ ಕಥೆಗಳಲ್ಲಿ ಖಳನಾಯಕರನ್ನು ಹುಡುಕಿದರೆ ನಿರಾಸೆಯಾಗುತ್ತದೆ. ಮಗನನ್ನು ಶಿಬಿರಕ್ಕೆ ಬಿಟ್ಟು ಬಂದ ಅಪ್ಪ ಅಮ್ಮ ಕೆಟ್ಟವರಲ್ಲ. ಮಗನ ಒಳ್ಳೆಯದಕ್ಕೇ ಮಾಡುತ್ತಿದ್ದೇವೆಂದು ನಂಬಿದವರು. ಈ ಚಿಕಿತ್ಸೆ ಇಷ್ಟು ಕಾಲ ಬಾಳಿದ್ದಕ್ಕೆ ಅದೇ ಕಾರಣ. ದ್ವೇಷದಿಂದ ಬರುವ ಏಟಿಗೆ ಮಗು ಎದುರು ನಿಲ್ಲಬಹುದು. ಪ್ರೀತಿಯ ಹೆಸರಿನಲ್ಲಿ ಬರುವ ಏಟಿಗೆ ಎದುರು ನಿಲ್ಲುವುದು ಹೇಗೆ?

ನಮ್ಮ ಮನೆಗಳಲ್ಲಿ

ಇದೆಲ್ಲ ಅಮೆರಿಕದ ಮಾತಾಯಿತು, ನಮಗೇನು ಎಂದು ಓದುಗರು ಕೇಳಬಹುದು. ನಮ್ಮಲ್ಲಿ ಶಿಬಿರ ಬೇಕಾಗಿಲ್ಲ, ಮನೆಯೇ ಸಾಕು. ಒಬ್ಬರು ತಾಯತ ಕಟ್ಟಿಸುತ್ತಾರೆ, ಇನ್ನೊಬ್ಬರು ಹರಕೆ ಹೊರುತ್ತಾರೆ, ಮತ್ತೊಬ್ಬರು ಜಾತಕ ತೋರಿಸುತ್ತಾರೆ. ಕೊನೆಗೆ ಎಲ್ಲರೂ ಸೇರಿ ಸೂಚಿಸುವ ರಾಮಬಾಣ ಒಂದೇ: ಮದುವೆ ಮಾಡಿ, ಸರಿಹೋಗುತ್ತದೆ! ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ನಗುತ್ತ ಹೇಳುವ ನಾವು ಅದನ್ನು ಔಷಧದ ಚೀಟಿಯಂತೆಯೂ ಬಳಸಿದ್ದೇವೆ. ಆ ಚಿಕಿತ್ಸೆಯ ಬೆಲೆ ತೆರುವವಳು ಏನೂ ಅರಿಯದೆ ಆ ಮನೆಗೆ ಬಂದ ಇನ್ನೊಂದು ಜೀವ ಎಂಬುದನ್ನು ಗಾದೆ ಹೇಳುವುದಿಲ್ಲ.

ವೈದ್ಯರ ಪಾಲೂ ಇಲ್ಲದಿಲ್ಲ. 1982ರಷ್ಟು ಈಚೆಗೆ ಭಾರತದ ಮನೋವೈದ್ಯಕೀಯ ಪತ್ರಿಕೆಯಲ್ಲಿ, ನಡವಳಿಕೆ ತಿದ್ದುವ ವಿಧಾನಗಳಿಂದ ಸಲಿಂಗಪ್ರೇಮಕ್ಕೆ ಚಿಕಿತ್ಸೆ ನೀಡಿದ ಬಗ್ಗೆ ಪ್ರಬಂಧ ಬಂದಿತ್ತು. ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆಯ 377ನೇ ಕಲಂ ಒಂದೆಡೆ ಅಪರಾಧವೆನ್ನುತ್ತಿತ್ತು, ಮನೆಯವರು ಇನ್ನೊಂದೆಡೆ ಕಾಯಿಲೆಯೆನ್ನುತ್ತಿದ್ದರು. ದೂರು ಕೊಡಲು ಪೊಲೀಸ್ ಠಾಣೆಗೆ ಹೋಗುವವನು ತಾನೇ ಆರೋಪಿಯಾಗುವ ಸ್ಥಿತಿ. 2018ರ ಜುಲೈನಲ್ಲಿ ಭಾರತೀಯ ಮನೋವೈದ್ಯರ ಸಂಘ ಇದು ಕಾಯಿಲೆಯಲ್ಲವೆಂದು ಸ್ಪಷ್ಟವಾಗಿ ಸಾರಿತು. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. ಆ ವೇಳೆಗೆ ಜಾರಿಗೆ ಬಂದಿದ್ದ 2017ರ ಮಾನಸಿಕ ಆರೋಗ್ಯ ಕಾಯಿದೆ, ಸಮಾಜದ ನೈತಿಕ ಕಟ್ಟುಪಾಡಿಗೆ ಒಗ್ಗಲಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮನೋರೋಗಿಯೆನ್ನುವಂತಿಲ್ಲ ಎಂದಿತ್ತು.

ಆದರೂ ಮನೆಯ ಬಾಗಿಲು ದಾಟುವುದು ಕಾಯಿದೆಗೆ ಸುಲಭವಲ್ಲ. 2020ರಲ್ಲಿ ಕೇರಳದ ವಿದ್ಯಾರ್ಥಿನಿಯೊಬ್ಬಳು, ತನ್ನ ಒಲವು ಬದಲಿಸಲೆಂದು ಮನೆಯವರು ತನ್ನನ್ನು ಕೇಂದ್ರಗಳಲ್ಲಿ ಕೂಡಿಹಾಕಿ ಔಷಧ ಕೊಡಿಸಿದರೆಂದು ವಿಡಿಯೊದಲ್ಲಿ ಹೇಳಿಕೊಂಡಳು. ಕೆಲವೇ ತಿಂಗಳಲ್ಲಿ ಅವಳ ಸಾವಿನ ಸುದ್ದಿ ಬಂತು.

ಮರುವರ್ಷ ಚೆನ್ನೈನಲ್ಲಿ ನಡೆದದ್ದು ಈ ಚರಿತ್ರೆಯಲ್ಲಿ ಹೊಸದು. ಮಧುರೈಯ ಇಬ್ಬರು ಯುವತಿಯರು ಒಟ್ಟಿಗೆ ಬದುಕಲು ಮನೆಬಿಟ್ಟು ಚೆನ್ನೈಗೆ ಬಂದರು. ಹೆತ್ತವರು ಪೊಲೀಸರಿಗೆ ದೂರು ಕೊಟ್ಟರು. ರಕ್ಷಣೆ ಕೋರಿ ಯುವತಿಯರು ಮದ್ರಾಸ್ ಹೈಕೋರ್ಟಿಗೆ ಹೋದರು. ಪ್ರಕರಣ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಬಂತು. ಯುವತಿಯರನ್ನೂ ಹೆತ್ತವರನ್ನೂ ಅವರು ಆಪ್ತ ಸಲಹೆಗಾರರ ಬಳಿ ಕಳಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಈ ವಿಷಯ ತನಗೂ ಪೂರ್ತಿ ಅರ್ಥವಾಗಿಲ್ಲ, ಮನಸ್ಸಿಗೆ ಒಪ್ಪಿಗೆಯಾಗದೆ ಬುದ್ಧಿಯಿಂದಷ್ಟೇ ತೀರ್ಪು ಬರೆಯಲಾರೆ ಎಂದು ತಾವೇ ಮನಶ್ಶಾಸ್ತ್ರಜ್ಞೆಯ ಮುಂದೆ ಹೋಗಿ ಕುಳಿತರು. ತನಗಿದ್ದ ಪೂರ್ವಗ್ರಹಗಳನ್ನು ಆದೇಶದಲ್ಲೇ ಒಪ್ಪಿಕೊಂಡರು. 2021ರ ಜೂನ್ 7ರ ಆ ಆದೇಶ, ಯಾರ ಲೈಂಗಿಕ ಒಲವನ್ನೂ ವೈದ್ಯಕೀಯವಾಗಿ ‘ಗುಣಪಡಿಸುವ’ ಯತ್ನ ಕೂಡದು, ಮಾಡಿದ ವೈದ್ಯರ ಪರವಾನಗಿ ಹಿಂದಕ್ಕೆ ಪಡೆಯುವುದೂ ಸೇರಿ ಕ್ರಮ ಕೈಗೊಳ್ಳಬೇಕು ಎಂದಿತು.

ಅದೇ ಮೊಕದ್ದಮೆಯ ಬೆನ್ನಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಆಗಸ್ಟಿನಲ್ಲಿ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ಪತ್ರ ಬರೆದು, ಪರಿವರ್ತನಾ ಚಿಕಿತ್ಸೆ ವೃತ್ತಿಗೆ ತಕ್ಕುದಲ್ಲದ ನಡತೆ ಎಂದು ಘೋಷಿಸಿತು. ಅಂದರೆ ವೈದ್ಯರೊಬ್ಬರು ‘ನಿಮ್ಮ ಮಗನನ್ನು ಸರಿಮಾಡಿಕೊಡುತ್ತೇನೆ’ ಎಂದರೆ ಅವರ ವಿರುದ್ಧ ರಾಜ್ಯದ ಮಂಡಳಿಗೆ ದೂರು ಕೊಡಬಹುದು. ಹೊರದೇಶಗಳಲ್ಲಿ ಮಾಲ್ಟಾ 2016ರಲ್ಲಿ, ಜರ್ಮನಿ 2020ರಲ್ಲಿ, ಕೆನಡಾ 2021ರಲ್ಲಿ, ಫ್ರಾನ್ಸ್ ಮತ್ತು ನ್ಯೂಜಿಲೆಂಡ್ 2022ರಲ್ಲಿ ಇದರ ವಿರುದ್ಧ ಪ್ರತ್ಯೇಕ ಕಾನೂನುಗಳನ್ನೇ ತಂದವು. ನಮ್ಮ ಆಯೋಗದ ಮಾತು ನೋಂದಾಯಿತ ವೈದ್ಯರಿಗೆ ತಾಗುತ್ತದೆ. ಮಂತ್ರವಾದಿಗೆ, ನಕಲಿ ವೈದ್ಯನಿಗೆ, ಮದುವೆ ದಲ್ಲಾಳಿಗೆ ತಾಗುವುದಿಲ್ಲ.

ಕೇಳಿಸಿಕೊಳ್ಳುವ ಕೆಲಸ

‘ಟ್ರೆವರ್’ ತಯಾರಾದ 1994ರಲ್ಲೇ ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯೂ’ ಎಂಬ ಒಂದು ಸಣ್ಣ ಗೆಳೆಯರ ಬಳಗ ಸೇರತೊಡಗಿತ್ತು. ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುವುದೇ ಅಲ್ಲಿನ ಮುಖ್ಯ ಕೆಲಸ. 2009ರಿಂದ ಅದೇ ನಗರದಲ್ಲಿ ‘ಬೆಂಗಳೂರು ಕ್ವಿಯರ್ ಚಿತ್ರೋತ್ಸವ’ ಆರಂಭವಾಯಿತು. ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ 2013ರಲ್ಲಿ ಬಂದಾಗ, ತಮ್ಮ ಮಾತನ್ನೇ ತಮ್ಮ ಭಾಷೆಯಲ್ಲಿ ಮೊದಲ ಬಾರಿಗೆ ಓದಿದ ಓದುಗರು ನಮ್ಮ ಊರುಗಳಲ್ಲೂ ಇದ್ದರು. ಚಿತ್ರ, ಕಥೆ, ಗೆಳೆಯರ ಬಳಗ ಇವು ಯಾವುವೂ ಯಾರನ್ನೂ ಬದಲಿಸಲು ಹೊರಟವಲ್ಲ. ‘ನೀನೊಬ್ಬನೇ ಅಲ್ಲ’ ಎಂದಷ್ಟೇ ಹೇಳಿದವು. ಹದಿನಾರು ವರ್ಷದ ಹುಡುಗನಿಗೆ ಅಷ್ಟು ಸಾಕಾಗುವ ರಾತ್ರಿಗಳಿರುತ್ತವೆ.

ಹಾಗಾದರೆ ಮಗನೋ ಮಗಳೋ ಇಂಥ ಮಾತು ಹೇಳಿದಾಗ ಹೆತ್ತವರು ಮಾಡಬೇಕಾದದ್ದೇನು? ಅವರಿಗೂ ಗಾಬರಿಯಾಗುತ್ತದೆ, ದುಃಖವಾಗುತ್ತದೆ, ಅದು ಸಹಜ. ಮೊದಲು ಮಾಡಬೇಕಾದದ್ದು ಒಂದೇ: ಮಾತು ಮುಗಿಯುವವರೆಗೆ ಕೇಳಿಸಿಕೊಳ್ಳುವುದು. ತಮಗೇ ಆಪ್ತ ಸಲಹೆ ಬೇಕೆನ್ನಿಸಿದರೆ ಹೋಗಬಹುದು, ಅದರಲ್ಲಿ ನಾಚಿಕೆಯಿಲ್ಲ. ಹೈಕೋರ್ಟಿನ ನ್ಯಾಯಮೂರ್ತಿಯೇ ಹೋಗಿದ್ದಾರೆ. ಮಗು ಕುಗ್ಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಬದುಕು ಬೇಡವೆಂಬ ಮಾತಾಡಿದರೆ ಆ ಕುಗ್ಗುವಿಕೆಗೆ ಚಿಕಿತ್ಸೆ ಉಂಟು, ಕೊಡಿಸಲೇಬೇಕು. ಒಲವಿಗೆ ಮಾತ್ರ ಚಿಕಿತ್ಸೆ ಇಲ್ಲ, ಬೇಕಾಗಿಯೂ ಇಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಅದಕ್ಕೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳಿಗಷ್ಟೇ ಅಲ್ಲ, ಹೆತ್ತವರಿಗೂ ಅದು ತೆರೆದಿದೆ.

1935ರಲ್ಲಿ ಫ್ರಾಯ್ಡ್‌ಗೆ ಕಾಗದ ಬರೆದ ಆ ಹೆಸರಿಲ್ಲದ ತಾಯಿಗೆ ಉತ್ತರ ಸಮುದ್ರ ದಾಟಿ ಬರಬೇಕಿತ್ತು. ಇಂದಿನ ತಾಯಿಗೆ ಅಷ್ಟು ಕಾಯುವ ಅಗತ್ಯವಿಲ್ಲ. ಉತ್ತರ ಆಗಲೇ ಬಂದಿದೆ. ಅದನ್ನು ಓದುವಷ್ಟು ಹೊತ್ತು, “ಇವನನ್ನು ಎಲ್ಲಾದರೂ ತೋರಿಸೋಣ” ಎಂಬ ಮಾತನ್ನು ತಡೆಹಿಡಿದರೆ ಸಾಕು.